ಮನೆಯ ಗೋಡೆಗೆ ನಾಡಿನ ಹಕ್ಕಿ

ನಮ್ಮ ಕಡೆಯ ಮನೆಗಳ ಗೋಡೆಗಳಿಗೂ ಒಂದು ಚರಿತ್ರೆಯುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ರವಿವರ್ಮನ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರ ವರ್ಣಪಟಗಳು ಬಡವ ಬಲ್ಲಿದರೆಂಬ ಭೇದವಿಲ್ಲದೆ ಪಡಸಾಲೆಗಳನ್ನೇರಿದುವು. ಅವುಗಳ ಮಗ್ಗುಲಿಗೆ, ಬೆತ್ತದ ಕುರ್ಚಿಯ ಮೇಲೆ ಕೋಲು ಹಿಡಿದು ಕುಳಿತ ಪಿತಾಮಹರೂ, ಚಪ್ಪರದ ಕೆಳಗೆ ಸಾಲಾಗಿ ನಿಂತ ಮದುವೆಯ ದಿಬ್ಬಣದವರೂ, ಗಾಂಧಿಯವರೂ, ಮೈಸೂರು ಸೀಮೆಯಾದರೆ ಮಹಾರಾಜರೂ ಬಂದು ಸ್ಥಾನ ಹಿಡಿದರು. ಆ ಪಟಗಳನ್ನು ಸೂರಿಗೆ ಸಮೀಪವಾಗಿ, ತಲೆ ಮುಂದಕ್ಕೆ ಬಾಗುವಂತೆ ತೂಗುಹಾಕುತ್ತಿದ್ದುದರಿಂದ, ಪಟಕ್ಕೂ ಗೋಡೆಗೂ ನಡುವೆ ಉಂಟಾದ ಸಂದಿನಲ್ಲಿ ಗುಬ್ಬಚ್ಚಿಗಳು ಹುಲ್ಲನ್ನೂ ನಾರನ್ನೂ ತುರುಕಿ ಸಂಸಾರ ಹೂಡುತ್ತಿದ್ದುವು. ಮುಂದೆ ದೇವರು, ಹಿಂದೆ ಗುಬ್ಬಿ ಎಂಬ ಈ ಸಹವಾಸವನ್ನು ಮನೆಯ ಯಜಮಾನಿಯು ಕಸ ಗುಡಿಸುವಾಗ ಗೊಣಗಿಕೊಂಡೇ ಸಹಿಸುತ್ತಿದ್ದಳು. ಆಮೇಲೆ ಬಣ್ಣದ ಕ್ಯಾಲೆಂಡರುಗಳ ಕಾಲ ಬಂತು. ಹಿಮ ಹೊದ್ದ ಯಾವ ದೇಶದ್ದೋ ಪರ್ವತ, ಯಾರೂ ಕಂಡರಿಯದ ಸರೋವರ, ದಕ್ಷಿಣ ಅಮೆರಿಕದ ಕಾಡಿನ ಮಕಾವ್ ಗಿಳಿ, ಇವುಗಳೆಲ್ಲ ನಮ್ಮ ಗೋಡೆಗಳ ಮೇಲೆ ನೆಲಸಿದುವು. ಮನೆಯ ಹಿತ್ತಿಲಲ್ಲಿ ದಿನಬೆಳಗಾದರೆ ಹಾಡುವ ಮಡಿವಾಳ ಹಕ್ಕಿಯ ಒಂದು ಚಿತ್ರವಿರುವ ಮನೆಯನ್ನು ಮಾತ್ರ ಹುಡುಕಿಕೊಂಡು ಹೋಗಬೇಕಾಗಿತ್ತು.

ಈಗ ಈ ಸ್ಥಿತಿ ಬದಲಾಗುವುದಕ್ಕೆ ಅನುಕೂಲವಾದ ಕಾಲ. ದೂರದ ಹಕ್ಕಿಯನ್ನು ಹತ್ತಿರಕ್ಕೆ ಸೆಳೆಯುವ ಕ್ಯಾಮೆರಾಗಳು ಮಧ್ಯಮ ವರ್ಗದವರ ಕೈಗೂ ಎಟುಕಿವೆ. ತಾಲ್ಲೂಕು ಕೇಂದ್ರಗಳಲ್ಲಿ ಕೂಡ ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸವುಳ್ಳ ಅಧ್ಯಾಪಕರೋ ವೈದ್ಯರೋ ಬ್ಯಾಂಕಿನ ನೌಕರರೋ ಸಿಕ್ಕಿಯೇ ಸಿಕ್ಕುತ್ತಾರೆ. ಒಳ್ಳೆಯ ಮುದ್ರಣವೂ ಒಳ್ಳೆಯ ಕಟ್ಟೂ ನಗರಗಳಲ್ಲಿ ದುರ್ಲಭವಲ್ಲ. ಸಾಧನಗಳಿಗೆ ಕೊರತೆಯಿಲ್ಲದಿರುವಾಗ ಕೊರತೆಯಾಗಬಹುದಾದದ್ದು ವಿವೇಚನೆಯೊಂದೇ. ಆ ವಿವೇಚನೆಗೆ ನೆರವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಲು ಉದ್ದೇಶಿಸಿದ್ದೇನೆ.

ಮೊದಲನೆಯದು ಆಯ್ಕೆಯ ಪ್ರಶ್ನೆ. ಅಂಗಡಿಗೋ ಪ್ರದರ್ಶನಕ್ಕೋ ಹೋಗಿ ಕಣ್ಣು ಕೋರೈಸುವ ಚಿತ್ರವನ್ನು ಕೊಂಡು ತರುವುದು ಸುಲಭ. ಆದರೆ ಕಣ್ಣು ಕೋರೈಸಿದ್ದು ಆರು ತಿಂಗಳಲ್ಲಿ ಕಣ್ಣಿಗೆ ಬೀಳದೆಯೇ ಹೋಗುವುದು ಗೃಹಾಲಂಕಾರದ ಎಲ್ಲ ಶಾಖೆಗಳಲ್ಲಿಯೂ ಕಂಡುಬರುವ ಅನುಭವ. ಅದರ ಬದಲಾಗಿ, ನಿಮ್ಮ ಮನೆಯಿಂದ ಒಂದು ಗಾವುದ ದೂರದೊಳಗೆ ವಾಸಿಸತಕ್ಕ, ನೀವು ಸ್ವತಃ ಕಂಡ, ಕೂಗನ್ನು ಕೇಳಿ ಗುರುತಿಸಬಲ್ಲ ಹಕ್ಕಿಗಳ ಚಿತ್ರಗಳನ್ನೇ ಆರಿಸಿಕೊಂಡರೆ, ಗೋಡೆಯ ಮೇಲಣ ಪಟಕ್ಕೂ ಕಿಟಕಿಯ ಹೊರಗಣ ಲೋಕಕ್ಕೂ ನಿತ್ಯವೂ ಒಂದು ಸಂಭಾಷಣೆ ನಡೆಯುತ್ತಿರುತ್ತದೆ. ಪಟವನ್ನು ಕಂಡವನು ಹೊರಗೆ ಹಕ್ಕಿಯನ್ನು ಹುಡುಕುತ್ತಾನೆ, ಹೊರಗೆ ಕಂಡವನು ಒಳಕ್ಕೆ ಬಂದು ಪಟದಲ್ಲಿ ಅದರ ಹುಬ್ಬಿನ ಗೆರೆಯನ್ನೂ ಕಾಲಿನ ಬಣ್ಣವನ್ನೂ ಪರೀಕ್ಷಿಸುತ್ತಾನೆ. ಪರಿಚಯವೇ ಇಲ್ಲಿ ಪ್ರಮಾಣ, ಅಪರೂಪವಲ್ಲ. ಮಂಡ್ಯದ ಕಡೆಯವರಿಗೆ ಕೊಕ್ಕರೆ ಬೆಳ್ಳೂರಿನ ಹುಣಿಸೆಮರಗಳ ಮೇಲೆ ಊರಿನ ನಡುವೆಯೇ ಗೂಡು ಕಟ್ಟುವ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಉಂಟು. ತೀರ್ಥಹಳ್ಳಿ ಶಿವಮೊಗ್ಗದವರಿಗೆ ಮಳೆಗಾಲದಲ್ಲಿ ಮಂಡಗದ್ದೆಯ ನಡುಗಡ್ಡೆಯನ್ನು ಬೆಳ್ಳಗೆ ಮಾಡುವ ಬೆಳ್ಳಕ್ಕಿಗಳುಂಟು. ಗದಗದವರಿಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳುಂಟು. ದಾಂಡೇಲಿಯವರಿಗೆ ಮಂಗಟ್ಟೆ ಉಂಟು. ಬೆಂಗಳೂರಿನ ಐದನೆಯ ಅಂತಸ್ತಿನವರಿಗೆ ಕೂಡ, ಬಾಲ್ಕನಿಯ ದಾಸವಾಳಕ್ಕೆ ಬರುವ ಸೂರಕ್ಕಿಯೂ ಆಕಾಶದಲ್ಲಿ ಸುತ್ತುವ ಹದ್ದೂ ಉಂಟು. ಹೊರದೇಶದಲ್ಲಿ ಮನೆ ಮಾಡಿರುವ ಕನ್ನಡಿಗರು ಊರಿನ ನೆನಪಿಗೆ ಗೀಜಗವನ್ನೋ ಕಾಜಾಣವನ್ನೋ ತೂಗುಹಾಕಿಕೊಳ್ಳುವುದು ಸಹಜವೇ. ಅದರ ಜೊತೆಗೆ ಅಲ್ಲಿಯ ತಮ್ಮ ಅಂಗಳಕ್ಕೆ ಬರುವ ಹಕ್ಕಿಗೂ ಒಂದು ಜಾಗ ಕೊಟ್ಟರೆ ಆ ಗೋಡೆ ನೆನಪಿನದೂ ಆಗುತ್ತದೆ, ನೆಲೆಯದೂ ಆಗುತ್ತದೆ.

ಹಕ್ಕಿಯನ್ನು ನಿಶ್ಚಯಿಸಿದ ಮೇಲೆ ಅದರ ಯಾವ ಚಿತ್ರವೆಂಬುದು ಬೇರೆಯೇ ವಿಚಾರ, ಮತ್ತು ಎಲ್ಲಕ್ಕಿಂತ ರಸವತ್ತಾದ ವಿಚಾರ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಕೊಯಿಲಾದ ಹೊಲದ ಮೇಲಣ ವಿದ್ಯುತ್ ತಂತಿಯ ಮೇಲೆ ಕುಳಿತಿರುವಾಗ ಅದು ಕಂದುಬಣ್ಣದ, ತಲೆ ದಪ್ಪನಾದ, ತನ್ನ ಪಾಡಿಗೆ ತಾನಿರುವ ಒಂದು ಸಾಮಾನ್ಯ ಹಕ್ಕಿ. ದಾರಿಹೋಕನು ಎರಡನೆಯ ಬಾರಿ ನೋಡುವಂಥದಲ್ಲ. ಮಿಡತೆಯೊಂದು ನೆಲದಲ್ಲಿ ಕದಲಿತೆನ್ನಿ. ಹಕ್ಕಿ ತಂತಿಯನ್ನು ಬಿಟ್ಟು ರೆಕ್ಕೆಯನ್ನು ಹರಡುತ್ತದೆ, ಹರಡಿದ ಆ ರೆಕ್ಕೆಯಲ್ಲಿ ತಿಳಿನೀಲವೂ ಕಡುನೀಲವೂ ಪಟ್ಟೆಪಟ್ಟೆಯಾಗಿ, ಇಷ್ಟು ಹೊತ್ತು ಎಲ್ಲಿ ಅಡಗಿದ್ದುವೋ ಎಂಬಂತೆ ಥಟ್ಟನೆ ತೋರಿ, ಹಕ್ಕಿ ಮತ್ತೆ ತಂತಿಗೆ ಬಂದು ಕುಳಿತೊಡನೆ ಮಾಯವಾಗುತ್ತವೆ. ಆದಕಾರಣ ನೀಲಕಂಠದ ಕುಳಿತ ಭಂಗಿಯೊಂದನ್ನೇ ತೂಗುಹಾಕಿದವನು ಅರ್ಧ ಹಕ್ಕಿಯನ್ನು ಮಾತ್ರ ತೂಗುಹಾಕಿದಂತೆ. ಕುಳಿತದ್ದು ಒಂದು, ಹಾರಿದ್ದು ಒಂದು, ಎರಡನ್ನೂ ಒಂದೇ ಅಳತೆಯ ಕಟ್ಟಿನಲ್ಲಿ ಜೋಡಿಯಾಗಿ ಇಟ್ಟರೆ ನೋಡುವವನಿಗೆ ಹಕ್ಕಿಯ ಸ್ವಭಾವವೇ ಕೈಗೆ ಸಿಕ್ಕುತ್ತದೆ. ಗೀಜಗದ ವಿಷಯದಲ್ಲಿ ಹಕ್ಕಿಗಿಂತ ಅದರ ಕೆಲಸ ದೊಡ್ಡದು. ಮಳೆಗಾಲದಲ್ಲಿ ಹಳದಿಯ ಉಡುಪು ತೊಟ್ಟ ಗಂಡು, ಬಾವಿಯ ಮೇಲೆ ಬಾಗಿದ ಮರದ ಕೊಂಬೆಗೆ ತಲೆಕೆಳಗಾಗಿ ಜೋತು, ಹಸಿರು ಸೀಳನ್ನು ಹೆಣೆಯುತ್ತಿರುವ ಚಿತ್ರಕ್ಕೆ ಇರುವ ಶೋಭೆ ಅದೇ ಹಕ್ಕಿ ಸುಮ್ಮನೆ ಕಡ್ಡಿಯ ಮೇಲೆ ಕುಳಿತ ಚಿತ್ರಕ್ಕೆ ಇಲ್ಲ.

ಇನ್ನೊಂದು ಪಕ್ಷಪಾತವನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಗೋಡೆಗಳ ಮೇಲೆ ಗಂಡುಹಕ್ಕಿಗಳದೇ ಸಾಮ್ರಾಜ್ಯ. ಕೋಗಿಲೆ ಎಂದರೆ ಕೆಂಗಣ್ಣಿನ ಕರಿಯ ಗಂಡು. ಮೈತುಂಬ ಬಿಳಿಯ ಚುಕ್ಕೆಯನ್ನು ಹೊತ್ತ ಕಂದು ಹೆಣ್ಣು ಕೋಗಿಲೆಯನ್ನು ಕಂಡು, ಇದಾವ ಹಕ್ಕಿಯೆಂದು ಕೇಳುವವರೇ ಹೆಚ್ಚು, ಮತ್ತು ನನ್ನ ಅಭಿಪ್ರಾಯದಲ್ಲಿ ಇವೆರಡರಲ್ಲಿ ಚಿತ್ರಕ್ಕೆ ಒಪ್ಪುವಂಥದು ಹೆಣ್ಣೇ. ಸೂರಕ್ಕಿ, ನವಿಲು, ರಾಜಹಕ್ಕಿ, ಎಲ್ಲದರಲ್ಲಿಯೂ ಇದೇ ಕಥೆ. ಗಂಡು ಹೆಣ್ಣುಗಳ ಉಡುಪು ಬೇರೆಯಾಗಿರುವ ಜಾತಿಗಳಲ್ಲಿ ಜೋಡಿಚಿತ್ರಗಳನ್ನು ಇಡುವುದು ಅಂದಕ್ಕೂ ಒಳ್ಳೆಯದು, ಮನೆಯ ಮಕ್ಕಳ ತಿಳಿವಳಿಕೆಗೂ ಒಳ್ಳೆಯದು.

ಚಿತ್ರವನ್ನು ಸ್ವತಃ ತೆಗೆಯುವವರಿಗೆ ಹೇಳಬೇಕಾದದ್ದು ಸ್ವಲ್ಪ; ಇತರರು ತೆಗೆದದ್ದನ್ನು ಪಡೆಯುವವರಿಗೆ ಹೇಳಬೇಕಾದದ್ದು ಹೆಚ್ಚು. ಅಂತರ್ಜಾಲದಲ್ಲಿ ಕಂಡ ಚಿತ್ರವನ್ನು ಇಳಿಸಿಕೊಂಡು ಮುದ್ರಿಸುವುದು ಕಳ್ಳತನದ ಒಂದು ಸಭ್ಯರೂಪ. 1957ರ ಕೃತಿಸ್ವಾಮ್ಯ ಕಾಯಿದೆಯ ಈಗಿನ ರೂಪದ ಪ್ರಕಾರ ಛಾಯಾಚಿತ್ರವೊಂದರ ಹಕ್ಕು ಅದನ್ನು ತೆಗೆದವನ ಜೀವಿತಕಾಲವಿಡೀ, ಮತ್ತು ಅವನ ಮರಣಾನಂತರ 60 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಅಲ್ಲದೆ ಹಾಗೆ ಇಳಿಸಿಕೊಂಡ ಚಿತ್ರ ಗೋಡೆಯ ಅಳತೆಗೆ ಹಿಗ್ಗಿದಾಗ ಗರಿಗಳೆಲ್ಲ ಗಂಜಿಯಾಗಿರುತ್ತವೆ. ಛಾಯಾಗ್ರಾಹಕನನ್ನೇ ಕಂಡು, ಬೆಲೆ ಕೊಟ್ಟು, ಅವನ ಸಹಿಯೊಡನೆ ಮುದ್ರಿತ ಪ್ರತಿಯನ್ನು ಪಡೆಯುವುದು ಉಭಯರಿಗೂ ಗೌರವ. ಈ ಕಲೆಯಲ್ಲಿ ನಮ್ಮ ನಾಡು ದೊಡ್ಡ ಪರಂಪರೆಯುಳ್ಳದ್ದು. ಓ. ಸಿ. ಎಡ್ವರ್ಡ್ಸ್, ಇ. ಹನುಮಂತ ರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಇವರುಗಳು ಬಣ್ಣದ ನೆರವಿಲ್ಲದ ಕಾಲದಲ್ಲಿ ಕಪ್ಪು ಬಿಳುಪಿನಲ್ಲಿಯೇ ಬೆಳಕನ್ನು ದುಡಿಸಿಕೊಂಡ ಬಗೆಯನ್ನು ಇಂದಿನವರು ಗಮನಿಸಬೇಕು. ಮೂಡಿಗೆರೆಯ ತೋಟದ ಸುತ್ತಲಿನ ಹಕ್ಕಿಗಳನ್ನು ಹಿಂಬಾಲಿಸಿ ಚಿತ್ರ ತೆಗೆದು, ಅವುಗಳನ್ನು ಕನ್ನಡದಲ್ಲಿ ಪರಿಚಯಿಸಿದ ಪೂರ್ಣಚಂದ್ರ ತೇಜಸ್ವಿಯವರಂತೂ ಕನ್ನಡ ಓದುಗರಿಗೆ ಹೇಳಿ ತಿಳಿಸಬೇಕಾದವರಲ್ಲ. ಬೆಳ್ಳಕ್ಕಿ, ಮಡಿವಾಳ, ನೀರುಕಾಗೆಗಳಂಥ ಹಕ್ಕಿಗಳಿಗೆ ಕಪ್ಪು ಬಿಳುಪಿನ ಮುದ್ರಣವೇ ಇಂದಿಗೂ ಹೆಚ್ಚು ಒಪ್ಪುತ್ತದೆ. ಹಲವು ಬಣ್ಣದ ಪರದೆ, ದಿಂಬುಗಳಿಂದ ಈಗಾಗಲೇ ತುಂಬಿರುವ ಕೋಣೆಗೆ ಅದು ವಿಶ್ರಾಂತಿಯನ್ನೂ ಕೊಡುತ್ತದೆ.

ಚಿತ್ರವನ್ನು ಕೊಳ್ಳುವ ಮುನ್ನ ಅದನ್ನು ತೆಗೆದ ಬಗೆಯನ್ನು ವಿಚಾರಿಸುವುದು ಅವಶ್ಯಕ. ಬಾಯಿ ತೆರೆದ ಮರಿಗಳಿಗೆ ತಾಯಿ ಗುಟುಕು ಕೊಡುವ ಚಿತ್ರ ಎಲ್ಲರ ಮನಸ್ಸನ್ನೂ ಕರಗಿಸುತ್ತದೆ. ಆದರೆ ಅಂಥ ಚಿತ್ರಕ್ಕಾಗಿ ಗೂಡಿನ ಮರೆಗಿದ್ದ ಎಲೆಗಳನ್ನು ಕತ್ತರಿಸಿದರೆ ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ಈಡಾಗುತ್ತವೆ, ಹತ್ತಿರದಲ್ಲೇ ಮನುಷ್ಯರು ಬೀಡುಬಿಟ್ಟರೆ ತಾಯಿ ಗೂಡನ್ನೇ ತೊರೆಯಬಹುದು. ಹಿಂದಿನವರಲ್ಲಿ ಗೂಡಿನ ಚಿತ್ರಣ ರೂಢಿಯಲ್ಲಿತ್ತು. ಈಗ ಅನೇಕ ಸ್ಪರ್ಧೆಗಳು ಅದನ್ನು ಸ್ವೀಕರಿಸುವುದೇ ಇಲ್ಲ. ಕೊಕ್ಕರೆ ಬೆಳ್ಳೂರಿನಂತೆ ಹಕ್ಕಿ ತಾನಾಗಿಯೇ ಮನುಷ್ಯರ ನಡುವೆ ಗೂಡು ಕಟ್ಟಿರುವ ಕಡೆ, ದಾರಿಯಲ್ಲಿ ನಿಂತು ತೆಗೆದ ಚಿತ್ರಕ್ಕೆ ಈ ಆಕ್ಷೇಪಣೆ ಅನ್ವಯಿಸುವುದಿಲ್ಲ. ಧ್ವನಿಮುದ್ರಿತ ಕೂಗನ್ನು ಮತ್ತೆ ಮತ್ತೆ ನುಡಿಸಿ ಹಕ್ಕಿಯನ್ನು ಕೆರಳಿಸಿ ತೆಗೆದ ಚಿತ್ರವನ್ನೂ ದೂರವಿಡತಕ್ಕದ್ದು. ಸಜೀವ ಹಕ್ಕಿಯನ್ನೇ ಅಲಂಕಾರಕ್ಕಾಗಿ ಪಂಜರದಲ್ಲಿಡುವ ಮಾತಂತೂ ಬೇಡವೇ ಬೇಡ. ನಮ್ಮ ನಾಡಿನ ಗಿಳಿ, ರಾಟವಾಳಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದದ್ದು.

ಇನ್ನು ಮುದ್ರಣ. ಇಲ್ಲಿ ಒಂದು ಚಿಕ್ಕ ಲೆಕ್ಕ ತಿಳಿದಿದ್ದರೆ ಬಹಳ ನಿರಾಶೆ ತಪ್ಪುತ್ತದೆ. ಗರಿಯ ಎಳೆಯೆಳೆಯೂ ಬಿಡಿಯಾಗಿ ಕಾಣಬೇಕಾದರೆ ಅಂಗುಲವೊಂದಕ್ಕೆ 300 ಪಿಕ್ಸೆಲ್‌ಗಳಿರಬೇಕು. ಎಂದರೆ 12 ಅಂಗುಲ ಅಗಲ, 18 ಅಂಗುಲ ಉದ್ದದ ಮುದ್ರಣಕ್ಕೆ 3600ಕ್ಕೆ 5400 ಪಿಕ್ಸೆಲ್, ಅಥವಾ ಸುಮಾರು 19 ಮೆಗಾಪಿಕ್ಸೆಲ್‌ನ ಚಿತ್ರ ಬೇಕು. ಐದಾರು ಅಡಿ ದೂರದಿಂದ ನೋಡುವ ಪಟಕ್ಕೆ ಅಂಗುಲಕ್ಕೆ 200 ಇದ್ದರೂ ಸಾಕು, ಆಗ 9 ಮೆಗಾಪಿಕ್ಸೆಲ್‌ಗೆ ಕೆಲಸ ಮುಗಿಯುತ್ತದೆ. ತೊಡಕಿರುವುದು ಕತ್ತರಿಸುವುದರಲ್ಲಿ. 24 ಮೆಗಾಪಿಕ್ಸೆಲ್‌ನ ಚಿತ್ರದ ಅಗಲ 6000 ಪಿಕ್ಸೆಲ್; ಹಕ್ಕಿ ದೂರದಲ್ಲಿದ್ದು ಆ ಅಗಲದ ಕಾಲುಭಾಗವನ್ನಷ್ಟೇ ಆಕ್ರಮಿಸಿದ್ದರೆ, ಹಕ್ಕಿಯ ಪಾಲಿಗೆ ದಕ್ಕುವುದು 1500 ಪಿಕ್ಸೆಲ್, ಎಂದರೆ ಚೆನ್ನಾಗಿ ಮುದ್ರಿಸಿದರೆ 5 ಅಂಗುಲದ ಹಕ್ಕಿ. ಅದನ್ನು ಬಲವಂತವಾಗಿ ಹಿಗ್ಗಿಸುವುದಕ್ಕಿಂತ, ಅಗಲವಾದ ಕೆರೆಯಂಚಿನಲ್ಲಿ ಚಿಕ್ಕದಾಗಿ ನಿಂತ ಹಕ್ಕಿಯನ್ನು ಹಾಗೆಯೇ ಬಿಟ್ಟರೆ ಚಿತ್ರಕ್ಕೆ ಊರು, ಋತು, ಬೆಳಕು ಎಲ್ಲವೂ ಉಳಿಯುತ್ತವೆ. ಹಕ್ಕಿಯ ಮುಖವೇ ಚೌಕಟ್ಟನ್ನು ತುಂಬಬೇಕೆಂಬ ಈಚಿನ ಹಟ ನನಗೆ ಎಂದೂ ರುಚಿಸಿದ್ದಲ್ಲ. ಮತ್ತೊಂದು ಎಚ್ಚರಿಕೆ: ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದ್ದು ದಾರಿಯಲ್ಲೇ ಕುಗ್ಗಿಹೋಗಿರುತ್ತದೆ, ಮೂಲ ಕಡತವನ್ನೇ ಕೇಳಿ ಪಡೆಯಬೇಕು.

ನೀಲಿಯ ವಿಷಯದಲ್ಲಿ ಮುದ್ರಕರೊಡನೆ ಮೊದಲೇ ಮಾತನಾಡಿಕೊಳ್ಳುವುದು ಕ್ಷೇಮ. ಮಿಂಚುಳ್ಳಿಯ ಬೆನ್ನಿನ ನೀಲಿ, ನೀಲಕಂಠದ ರೆಕ್ಕೆಯ ನೀಲಿ, ಯಾವ ವರ್ಣದ್ರವ್ಯದಿಂದಲೂ ಆದದ್ದಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆಯು ಬೆಳಕನ್ನು ಚದುರಿಸುವುದರಿಂದ ಹುಟ್ಟುವ ಬಣ್ಣ ಅದು. ಅಂಥ ಪ್ರಭೆಯನ್ನು ಶಾಯಿಯಿಂದ ಕಾಗದದ ಮೇಲೆ ತರಹೊರಟಾಗ ಅದು ಮಂಕಾಗುವುದೂ ಉಂಟು, ನೇರಿಳೆಗೆ ತಿರುಗುವುದೂ ಉಂಟು; ಆ ಮಂಕನ್ನು ಕಳೆಯಲು ಗಣಕಯಂತ್ರದಲ್ಲಿ ಬಣ್ಣವನ್ನು ಏರಿಸಿದರೆ ಹಕ್ಕಿ ಜಾತ್ರೆಯ ಆಟಿಕೆಯಾಗುತ್ತದೆ. ಅಂಗೈಯಗಲದ ಪರೀಕ್ಷಾ ಪ್ರತಿಯೊಂದನ್ನು ಮೊದಲು ತೆಗೆಸಿ, ಅದನ್ನು ತೂಗುಹಾಕಲಿರುವ ಕೋಣೆಯಲ್ಲೇ ಹಗಲಿನಲ್ಲೊಮ್ಮೆ, ದೀಪದಲ್ಲೊಮ್ಮೆ ನೋಡಿ ಒಪ್ಪಿಗೆ ಕೊಡಬೇಕು. ಹಳದಿ ಬೆಳಕಿನ ಬಲ್ಬು ನೀಲಿಯನ್ನು ನುಂಗುತ್ತದೆ. ಮಿಂಚುಳ್ಳಿಯ ಪಟವಿರುವ ಕಡೆ 4000 ಕೆಲ್ವಿನ್‌ನ ಆಸುಪಾಸಿನ ಎಲ್‌ಇಡಿ ದೀಪವಿದ್ದರೆ ವಾಸಿ. ಕಾಗದ ಹೊಳಪಿಲ್ಲದ್ದಾಗಿರಲಿ, ಹತ್ತಿಯ ನಾರಿನದಾದರೆ ಇನ್ನೂ ಉತ್ತಮ, ಶಾಯಿ ಪಿಗ್ಮೆಂಟ್ ಜಾತಿಯದಾಗಿರಲಿ. ಕ್ಯಾನ್ವಾಸಿನ ಮೇಲೆ ಮುದ್ರಿಸುವ ಷೋಕಿ ದೇವಸ್ಥಾನ, ಬೆಟ್ಟಗಳಿಗೆ ಸರಿಹೋಗಬಹುದು, ಹಕ್ಕಿಗೆ ಸಲ್ಲದು, ಏಕೆಂದರೆ ಬಟ್ಟೆಯ ನೇಯ್ಗೆಯ ಗಂಟುಗಳು ಗರಿಯ ನೇಯ್ಗೆಯನ್ನು ಅಳಿಸಿಬಿಡುತ್ತವೆ.

ಕಟ್ಟು ಹಾಕುವ ಅಂಗಡಿಯವರು ಚೌಕಟ್ಟಿನ ಪಟ್ಟಿಗಳ ಮಾದರಿಗಳನ್ನು ಮುಂದೆ ಹರಡಿ, ಬಂಗಾರದ ಬಳ್ಳಿ ಬೇಕೆ, ಬೆಳ್ಳಿಯ ಹೂ ಬೇಕೆ ಎಂದು ಕೇಳುತ್ತಾರೆ. ಹಕ್ಕಿಯ ಚಿತ್ರಕ್ಕೆ ಇವೆರಡೂ ಬೇಡ. ಮುಕ್ಕಾಲಂಗುಲದಿಂದ ಒಂದಂಗುಲದವರೆಗಿನ ಸಾದಾ ಮರದ ಪಟ್ಟಿ, ಸಾಗುವಾನಿಯದು ಅದರ ಸಹಜ ಬಣ್ಣದಲ್ಲಿ, ಅಥವಾ ಕಪ್ಪು ಬಳಿದದ್ದು, ಸಾಕು; ಕೆಂಪುಗಾರೆಯ ನೆಲವೂ ಸುಣ್ಣದ ಗೋಡೆಯೂ ಇರುವ ಹಳೆಯ ಮನೆಗಳಲ್ಲಿ ಸಾಗುವಾನಿಯೂ, ಬೂದು, ಬಿಳಿಯ ಹೊಸ ಗೋಡೆಗಳಲ್ಲಿ ಕಪ್ಪೂ ಹೊಂದುತ್ತವೆ. ಚೌಕಟ್ಟಿಗಿಂತ ಮುಖ್ಯವಾದದ್ದು, ನಮ್ಮ ಜನ ಹಣ ಉಳಿಸಲೆಂದು ಮೊದಲು ಕೈಬಿಡುವ ಮೌಂಟು. ಚಿತ್ರದ ಸುತ್ತ ಬರುವ ಈ ದಪ್ಪ ರಟ್ಟಿನ ಅಂಚು ಅಲಂಕಾರಕ್ಕೆಂದು ಅನೇಕರ ಭಾವನೆ. ಅದರ ನಿಜವಾದ ಕೆಲಸ ಚಿತ್ರವನ್ನು ಗಾಜಿನಿಂದ ದೂರವಿಡುವುದು. ನಮ್ಮ ಮಳೆಗಾಲದ ತೇವದಲ್ಲಿ ಗಾಜಿಗೆ ಒತ್ತಿಕೊಂಡ ಚಿತ್ರ ಕ್ರಮೇಣ ಅದಕ್ಕೆ ಅಂಟಿ, ಬಿಡಿಸಹೋದಾಗ ಹಕ್ಕಿಯ ತಲೆಯೋ ಬಾಲವೋ ಗಾಜಿನ ಪಾಲಾಗುತ್ತದೆ. ಮೌಂಟು ಆಮ್ಲರಹಿತವೆಂದು ಕೇಳಿಯೇ ಕೊಳ್ಳಬೇಕು. ಅಗ್ಗದ ರಟ್ಟಿನಲ್ಲಿರುವ ಆಮ್ಲ ಕೆಲವೇ ವರ್ಷಗಳಲ್ಲಿ ಚಿತ್ರದ ಅಂಚಿನುದ್ದಕ್ಕೂ ಕಂದುಗೆರೆಯೊಂದನ್ನು ಬರೆಯುತ್ತದೆ. 12ಕ್ಕೆ 18 ಅಂಗುಲದ ಚಿತ್ರಕ್ಕೆ ಸುತ್ತಲೂ 3 ಅಂಗುಲದ ಮೌಂಟು ಬಿಟ್ಟರೆ ಕಟ್ಟಿನ ಒಳ ಅಳತೆ 18ಕ್ಕೆ 24 ಆಗುತ್ತದೆ. ಕೆಳಗಿನ ಅಂಚನ್ನು ಅರ್ಧ ಅಂಗುಲ ಹೆಚ್ಚಿಸಿದರೆ, ಚಿತ್ರ ಕೆಳಕ್ಕೆ ಜಾರುತ್ತಿರುವಂತೆ ಕಾಣುವ ದೋಷ ತಪ್ಪುತ್ತದೆ. ಬಣ್ಣ ಬಿಳಿ ಅಥವಾ ಕೆನೆ. ಹಕ್ಕಿಯ ಎದೆಯ ಕೆಂಪನ್ನು ಮೌಂಟಿನಲ್ಲಿ ಪುನಃ ತೋರಿಸುವ ಚಮತ್ಕಾರ ಬೇಡ, ಕಣ್ಣು ಮೌಂಟಿಗೇ ಹೋಗಿ ನಿಲ್ಲುತ್ತದೆ.

ಕಟ್ಟು ಸಿದ್ಧವಾದಾಗ ಅದರ ಮುಖವನ್ನು ನೋಡುವ ಮೊದಲು ಬೆನ್ನನ್ನು ತಿರುಗಿಸಿ ನೋಡಿ. ಚಿತ್ರವನ್ನು ಮೌಂಟಿಗೆ ಪಾರದರ್ಶಕ ಅಂಟುಪಟ್ಟಿಯಿಂದ ಅಂಟಿಸುವುದು ಪೇಟೆಯ ವಾಡಿಕೆ. ಅದರ ಅಂಟು ಒಣಗಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಇಳಿದ ಕಲೆ ಹೋಗುವುದಿಲ್ಲ. ಮೇಲಿನ ಎರಡು ಕಡೆ ಮಾತ್ರ, ತೆಳುವಾದ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಸರಿಯಲ್ಲಿ ಅಂಟಿಸಿ ಚಿತ್ರವನ್ನು ತೂಗುಬಿಡುವುದು ಸರಿಯಾದ ಕ್ರಮ. ತೇವಕ್ಕೆ ಕಾಗದ ಹಿಗ್ಗಿದರೂ ಒಣಹವೆಗೆ ಕುಗ್ಗಿದರೂ ಅದಕ್ಕೆ ಆಡುವುದಕ್ಕೆ ಎಡೆಯಿರುತ್ತದೆ. ಹಿಂಬದಿಯ ಹಲಗೆಗೂ ಚೌಕಟ್ಟಿಗೂ ನಡುವಣ ಸಂದನ್ನು ಕಾಗದದಿಂದ ಪೂರ್ತಿ ಮುಚ್ಚಿಸಬೇಕು, ಇಲ್ಲವಾದರೆ ಬೆಳ್ಳಿಹುಳು ಒಳಹೊಕ್ಕು ಕಾಗದವನ್ನು ಕೆರೆದು ತಿನ್ನುತ್ತದೆ. ಕೆಳಗಿನ ಎರಡು ಮೂಲೆಗಳಲ್ಲಿ ಬಿರಡೆಯ ಎರಡು ಬಿಲ್ಲೆಗಳನ್ನು ಅಂಟಿಸಿದರೆ ಪಟ ಗೋಡೆಯಿಂದ ಕಾಲಂಗುಲ ದೂರ ನಿಂತು ಹಿಂದೆ ಗಾಳಿಯಾಡುತ್ತದೆ. ಹಲ್ಲಿ ಆ ಸಂದಿನಲ್ಲಿ ಮೊಟ್ಟೆಯಿಟ್ಟೀತೆಂದು ಹೆದರಬೇಕಾಗಿಲ್ಲ, ಇಟ್ಟರೂ ಚಿತ್ರಕ್ಕೆ ಬಾಧಕವಿಲ್ಲ. ಗಾಜಿನ ಭಾರವನ್ನೂ ಗಣನೆಗೆ ತೆಗೆದುಕೊಳ್ಳಿ: 2 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 5 ಕಿಲೋ ತೂಗುತ್ತದೆ. ದೊಡ್ಡ ಪಟಗಳಿಗೆ ಅಕ್ರಿಲಿಕ್ ಹಾಳೆ ಹಗುರ, ಒಡೆಯುವ ಭಯವೂ ಇಲ್ಲ, ಆದರೆ ಬೇಗ ಗೀರು ಬೀಳುತ್ತದೆ, ಧೂಳನ್ನು ಸೆಳೆದುಕೊಳ್ಳುತ್ತದೆ. ನೈಲಾನ್ ದಾರ ವರ್ಷಗಳಲ್ಲಿ ಜಗ್ಗುವುದರಿಂದ ತಂತಿಯನ್ನೇ ಕಟ್ಟಿಸಿ, ಒಂದರ ಬದಲು ಎರಡು ಕೊಕ್ಕೆಗೆ ತೂಗುಹಾಕಿದರೆ ಬಾಗಿಲು ಬಡಿದಾಗಲೆಲ್ಲ ಪಟ ಓರೆಯಾಗುವುದಿಲ್ಲ. ಮಣ್ಣಿನ ಗೋಡೆಯ ಮನೆಗಳಲ್ಲಿ ಮೊಳೆ ನಿಲ್ಲದು. ಮರದ ಗೂಟವನ್ನು ಮೊದಲು ಹೂತು ಅದಕ್ಕೆ ಮೊಳೆ ಹೊಡೆಯಬೇಕು.

ಎತ್ತರದ ವಿಷಯದಲ್ಲಿ ನಮ್ಮ ಹಳೆಯ ಅಭ್ಯಾಸವನ್ನು ಬಿಡಬೇಕಾಗಿದೆ. ದೇವರನ್ನೂ ಹಿರಿಯರನ್ನೂ ತಲೆಯೆತ್ತಿ ನೋಡುವುದು ಮರ್ಯಾದೆ. ಹಕ್ಕಿಯನ್ನು ಕಣ್ಣಿಗೆ ಕಣ್ಣು ಕೊಟ್ಟು ನೋಡಬೇಕು, ಹೊರಗೆ ಮರದ ತುದಿಯಲ್ಲಿದ್ದಾಗ ದೊರೆಯದ ಈ ಸೌಲಭ್ಯವೇ ಪಟದ ವಿಶೇಷ. ಚಿತ್ರದ ಮಧ್ಯಬಿಂದು ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿದ್ದರೆ ನಿಂತವರಿಗೆ ಹಿತ. ಚಾಪೆ ಹಾಸಿ ಕುಳಿತುಕೊಳ್ಳುವ ನಡುಮನೆಯಲ್ಲಿ, ಮಕ್ಕಳ ಕೋಣೆಯಲ್ಲಿ ಅದಕ್ಕಿಂತ ಒಂದಡಿಗೂ ಹೆಚ್ಚು ಕೆಳಕ್ಕೆ ಇಳಿಸಬಹುದು. ಹಕ್ಕಿ ನೋಡುತ್ತಿರುವ ದಿಕ್ಕು ಕೋಣೆಯ ಒಳಮುಖವಾಗಿರಲಿ. ಬಾಗಿಲ ಕಡೆ ಮುಖ ಮಾಡಿದ ಹಕ್ಕಿ ಮನೆ ಬಿಟ್ಟು ಹೊರಟಂತೆ ತೋರುತ್ತದೆ. ಅದಕ್ಕೋಸ್ಕರ ಚಿತ್ರವನ್ನೇ ಎಡಬಲ ಮಾಡಿ ಮುದ್ರಿಸುವವರೂ ಉಂಟು, ನಾನದನ್ನು ಒಪ್ಪುವುದಿಲ್ಲ. ಗೋಡೆಯನ್ನು ಬದಲಾಯಿಸುವುದು ಕಷ್ಟವೇನಲ್ಲ. ಬಿಸಿಲು ನೇರವಾಗಿ ಬೀಳುವ ಗೋಡೆ ವರ್ಜ್ಯ. ಇದನ್ನು ಬೇಸಗೆಯಲ್ಲಿ ಪರೀಕ್ಷಿಸಿದರೆ ಸಾಲದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ದಕ್ಷಿಣದ ಕಿಟಕಿಯ ಬಿಸಿಲು ಕೋಣೆಯ ಬಹುದೂರಕ್ಕೆ ಹರಿದುಬರುತ್ತದೆ. ಕಿಟಕಿಗೆ ನೇರ ಎದುರಾದ ಗೋಡೆಯಲ್ಲಿ ಗಾಜಿನೊಳಗೆ ಕಾಣುವುದು ಹಕ್ಕಿಯಲ್ಲ, ಕಿಟಕಿ. ಪಟವಿಡಬೇಕೆಂದಿರುವ ಸ್ಥಳದಲ್ಲಿ ಮೊದಲು ಒಂದು ಕನ್ನಡಿಯನ್ನು ಹಿಡಿದು ನೋಡಿದರೆ ಸಂದೇಹ ಪರಿಹಾರವಾಗುತ್ತದೆ. ಅಡಿಗೆಮನೆಯ ಎಣ್ಣೆಹೊಗೆ, ಬಚ್ಚಲಮನೆಯ ಹಬೆ ಇವುಗಳಿಂದ ದೂರವಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಎರಚಲು ಹೊಡೆಯುವ ಪಡುವಣ ಗೋಡೆ ಒಳಗಿನಿಂದ ಎಷ್ಟೇ ಒಣಗಿದಂತೆ ಕಂಡರೂ ಅದನ್ನು ನಂಬಬಾರದು. ಒಳಮನೆಯ ನಡುಗೋಡೆಯೇ ಅಲ್ಲಿ ಚಿತ್ರಗಳಿಗೆ ಯೋಗ್ಯಸ್ಥಾನ.

ಮನೆಯವರೆಲ್ಲರ ಒಪ್ಪಿಗೆಯಿಲ್ಲದೆ ಮಾಡಬಾರದ ಆಯ್ಕೆಯೊಂದುಂಟು: ಗೂಬೆ. ಅದರ ಮುಖವನ್ನು ಕಂಡರೆ ಅಪಶಕುನವೆಂದು ನಂಬುವ ಹಿರಿಯರು ಇಂದಿಗೂ ಅನೇಕ ಮನೆಗಳಲ್ಲಿದ್ದಾರೆ; ಆದರೆ ಗೂಬೆಯ ಬಳಗದ್ದೇ ಆದ ಹಾಲಕ್ಕಿ ನುಡಿಯಿತೆಂದು ಬುಡಬುಡಿಕೆಯವನು ಬೆಳಗಿನ ಜಾವ ಶುಭವಾರ್ತೆ ಹೇಳಿದರೆ ಅದೇ ಹಿರಿಯರು ಮೊರದಲ್ಲಿ ಅಕ್ಕಿ ತಂದು ಹಾಕುತ್ತಿದ್ದರು. ಬಂಗಾಳದಲ್ಲಂತೂ ಗೂಬೆ ಲಕ್ಷ್ಮಿಯ ವಾಹನ. ಈ ವಾದಗಳನ್ನೆಲ್ಲ ಹೂಡಿ ಅಜ್ಜಿಯನ್ನು ಗೆಲ್ಲುವುದಕ್ಕಿಂತ, ತೆಂಗಿನ ಪೊಟರೆಯಿಂದ ಇಣುಕುವ ಹಾಲಕ್ಕಿಯ ದುಂಡುಮುಖವನ್ನು ಓದುವ ಕೋಣೆಯಲ್ಲಿ ನಿಮ್ಮ ಮೇಜಿನ ಮುಂದೆ ಇಟ್ಟುಕೊಳ್ಳುವುದು ಶಾಂತಿಯ ಮಾರ್ಗ. ಕಾಗೆಗೆ ಪಡಸಾಲೆಯಲ್ಲಿ ಸ್ಥಳ ಕೊಡಿಸುವುದು ಇನ್ನೂ ಕಷ್ಟ, ಅದರ ಹೊಳೆಯುವ ಕರಿಯ ಗರಿಯಲ್ಲಿ ನೀಲಿ ನೇರಿಳೆಗಳ ಛಾಯೆಗಳು ಎಷ್ಟೇ ಮನೋಹರವಾಗಿದ್ದರೂ.

ಎಷ್ಟು ಪಟಗಳೆಂದರೆ, ಒಂದು ಗೋಡೆಗೆ ಒಂದು ದೊಡ್ಡದು, ಅಥವಾ ಒಂದೇ ಅಳತೆಯ ಮೂರು ನಾಲ್ಕು. ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ಮಾತ್ರ ಏರುತ್ತ ಹೋಗುವ ಸಾಲಿಗೆ ಅವಕಾಶವುಂಟು. ಸಾಲುಪಟಗಳ ನಡುವೆ 2ರಿಂದ 3 ಅಂಗುಲ ತೆರಪಿರಲಿ. ಅವುಗಳನ್ನು ಜೋಡಿಸುವುದಕ್ಕೆ ಒಂದು ತರ್ಕವಿದ್ದರೆ ಚೆನ್ನು: ಒಂದೇ ಕೆರೆಯ ಹಕ್ಕಿಗಳು, ಅಥವಾ ಹಿತ್ತಿಲಿನ ಒಂದೇ ಮರಕ್ಕೆ ಬರುವವು. ಅತ್ತಿಯ ಮರವೊಂದು ಹಣ್ಣಾದಾಗ ಅಲ್ಲಿ ಸೇರುವ ಕುಟ್ರ, ಪಿಕಳಾರ, ಗೊರವಂಕ, ಕೋಗಿಲೆಗಳಿಂದಲೇ ಒಂದು ಗೋಡೆಯನ್ನು ತುಂಬಬಹುದು. ರಂಗನತಿಟ್ಟಿನ ದ್ವೀಪಗಳನ್ನು ಸಲೀಂ ಅಲಿಯವರ ಸಲಹೆಯ ಮೇಲೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಸಾರಿತಷ್ಟೆ. ಅಲ್ಲಿಯ ಚಮಚದ ಕೊಕ್ಕಿನ ಹಕ್ಕಿ, ಹಾವಕ್ಕಿ, ನೀರುಕಾಗೆಗಳ ಸಾಲು ಮೈಸೂರು ಶ್ರೀರಂಗಪಟ್ಟಣದ ಮನೆಗಳಿಗೆ ಹೇಳಿ ಮಾಡಿಸಿದ್ದು.

ಪ್ರತಿಯೊಂದು ಪಟದ ಕೆಳಗೆ, ಮೌಂಟಿನ ಬಲಗಡೆಯ ಮೂಲೆಯಲ್ಲಿ, ಪೆನ್ಸಿಲಿನಿಂದ ಹಕ್ಕಿಯ ಹೆಸರನ್ನೂ ಚಿತ್ರ ತೆಗೆದ ಊರನ್ನೂ ತಿಂಗಳು ವರ್ಷಗಳನ್ನೂ ಕನ್ನಡದಲ್ಲಿ ಸಣ್ಣಗೆ ಬರೆಯಿಸಿ. ಪೆನ್ಸಿಲು ಮಾಸುವುದಿಲ್ಲ, ಶಾಯಿ ಮಾಸುತ್ತದೆ. ಛಾಯಾಗ್ರಾಹಕನ ಹೆಸರು ಎಡಗಡೆಯಲ್ಲಿರಲಿ. ಮನೆಗೆ ಬಂದ ಮಕ್ಕಳು ಮೊದಲು ಓದುವುದು ಈ ಬರಹವನ್ನೇ, ಆಮೇಲೆ ಚಿತ್ರವನ್ನು.

ಎಲ್ಲ ಪಟಗಳನ್ನೂ ವರ್ಷವಿಡೀ ತೂಗುಹಾಕಬೇಕೆಂಬ ನಿರ್ಬಂಧವಿಲ್ಲ. ಒಂದೇ ಅಳತೆಯ ಕಟ್ಟುಗಳನ್ನು ಮಾಡಿಸಿಟ್ಟುಕೊಂಡರೆ ಋತುವಿಗೆ ತಕ್ಕಂತೆ ಚಿತ್ರಗಳನ್ನು ಬದಲಿಸಬಹುದು. ಮುಂಗಾರಿಗೆ ಗೀಜಗ, ಮಾಗಿಗೆ ವಲಸೆಯ ಬಾತುಗಳು, ಚೈತ್ರಕ್ಕೆ ಕೋಗಿಲೆ ಮಡಿವಾಳಗಳು. ಇಳಿಸಿದ ಚಿತ್ರಗಳನ್ನು ಸುರುಳಿ ಸುತ್ತದೆ, ನಡುನಡುವೆ ಆಮ್ಲರಹಿತ ತೆಳುಕಾಗದವನ್ನಿಟ್ಟು, ಅಟ್ಟದ ಮೇಲಲ್ಲ, ಗಾಳಿಯಾಡುವ ಬೀರುವಿನ ನಡುವಣ ಅರೆಯಲ್ಲಿ ಮಟ್ಟಸವಾಗಿ ಮಲಗಿಸಿ, ಸಿಲಿಕಾ ಜೆಲ್‌ನ ಪೊಟ್ಟಣವೊಂದನ್ನು ಜೊತೆಗಿಡಬೇಕು. ಗಾಜನ್ನು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ. ಗಾಜಿನ ಮೇಲೆ ನೇರವಾಗಿ ಚಿಮುಕಿಸಿದರೆ ಅದು ಕೆಳಗಿನ ಅಂಚಿನಲ್ಲಿ ಇಳಿದು ಮೌಂಟನ್ನು ನೆನೆಸುತ್ತದೆ. ಮಳೆಗಾಲ ಕಳೆದ ಮೇಲೆ, ದಸರೆಯ ಸುಣ್ಣಬಣ್ಣದ ಕಾಲಕ್ಕೆ, ಪಟಗಳನ್ನೆಲ್ಲ ಒಮ್ಮೆ ಇಳಿಸಿ ಬೆನ್ನು ನೋಡಿ, ಬೂಷ್ಟು ಕಂಡರೆ ಒಣಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಂದು ದಿನ ಗಾಳಿಗಿಟ್ಟು, ಸಡಿಲವಾದ ಕೊಕ್ಕೆಗಳನ್ನು ಬಿಗಿ ಮಾಡಿಸಿ ಮತ್ತೆ ತೂಗುಹಾಕತಕ್ಕದ್ದು.